ಮಗಳಿಗೊಂದು ಪತ್ರ: ಬಿಳಿ ಕೋಟು, ಹತ್ತಿಯ ಗಡ್ಡ

ಗಂಗಾವತಿ ತಾಲ್ಲೂಕು, ಕೊಪ್ಪಳ ಜಿಲ್ಲೆ

ಪ್ರೀತಿಯ ಮಗಳಿಗೆ ಅಪ್ಪನ ಆಶೀರ್ವಾದಗಳು.

ನಾವೆಲ್ಲ ಇಲ್ಲಿ ಕ್ಷೇಮ. ನಿನ್ನ ಪತ್ರವನ್ನು ಅವ್ವನಿಗೆ ಓದಿ ಹೇಳುವಾಗ ಒಂದು ಸಾಲಿನ ಬಳಿ ನನ್ನ ಧ್ವನಿ ತಡೆದು ನಿಂತಿತು. ಎಂ.ಎಸ್ಸಿ. ಮುಗಿಸಿ ಸಂಶೋಧನೆಗೆ ಇಳಿಯಬೇಕೆಂಬ ಆಸೆ ಇದ್ದರೂ, ಖೋ-ಖೋ ಆಡುವ, ಹಾಡು ಹೇಳುವ, ಕಂಡವರೊಡನೆಲ್ಲ ಬಾಯ್ತುಂಬ ಮಾತನಾಡುವ ನಿನ್ನಂಥವಳು ವಿಜ್ಞಾನಿಯಾಗುವ ಪೈಕಿಯವಳಲ್ಲ ಎಂದು ಹಾಸ್ಟೆಲಿನ ಗೆಳತಿಯರು ಹೇಳುತ್ತಾರೆಂದೂ, ಈಚೆಗೆ ನಿನಗೂ ಅದೇ ನಿಜವೆನ್ನಿಸಿ ಖೋ-ಖೋ ತಂಡದಿಂದ ಹೆಸರು ತೆಗೆಸಿದೆಯೆಂದೂ ಬರೆದಿದ್ದೀಯ. ಈ ಎಣಿಕೆ ನಿನ್ನ ತಲೆಯಲ್ಲಿ ಬೇರೂರಿದ್ದರಲ್ಲಿ ನನ್ನ ಪಾಲೂ ಇದೆ. ಅದನ್ನು ಮೊದಲು ಹೇಳಿಬಿಡುತ್ತೇನೆ.

ನೀನು ಐದನೆಯ ತರಗತಿಯಲ್ಲಿದ್ದಾಗ ನಮ್ಮ ಶಾಲೆಯಲ್ಲಿ ಫೆಬ್ರವರಿ 28ರಂದು ವಿಜ್ಞಾನ ದಿನ ಆಚರಿಸಿದೆವು. ಯಾರು ವಿಜ್ಞಾನಿಯ ವೇಷ ಹಾಕಬೇಕೆಂದು ಆರಿಸಿದವನು ನಾನೇ. ಕನ್ನಡಕ ಹಾಕಿಕೊಳ್ಳುತ್ತಿದ್ದ, ಯಾರೊಡನೆಯೂ ಹೆಚ್ಚು ಮಾತನಾಡದ ಒಬ್ಬ ಹುಡುಗನಿಗೆ ಬಿಳಿ ಕೋಟು ತೊಡಿಸಿ, ಹತ್ತಿಯ ಗಡ್ಡ ಅಂಟಿಸಿ, ತಲೆಗೂದಲು ಕೆದರಿ ನಿಲ್ಲಿಸಿದೆ. ನಿನ್ನನ್ನು ಪ್ರಾರ್ಥನೆ ಹಾಡಲು ಕಳಿಸಿದೆ. ಆ ದಿನ 1928ರಲ್ಲಿ ಸಿ. ವಿ. ರಾಮನ್ ಅವರು ಮಾಡಿದ ಶೋಧನೆಯ ನೆನಪಿಗಾಗಿ ಇರುವಂಥದ್ದು. ರಾಮನ್ ಅವರಿಗೆ ಗಡ್ಡವಿರಲಿಲ್ಲ, ತಲೆಯ ಮೇಲೆ ಪೇಟವಿತ್ತು. ಮೃದಂಗ ಮತ್ತು ತಬಲಾಗಳ ನಾದದ ಬಗ್ಗೆ ಅವರು ಸಂಶೋಧನೆಯನ್ನೇ ಮಾಡಿದ್ದರು. ನಡುವೆ ಮೆತ್ತುವ ಕಪ್ಪು ಕರಣೆಯ ಭಾರದಿಂದಾಗಿಯೇ ಆ ಚರ್ಮವಾದ್ಯಗಳಿಗೆ ಸುರಬದ್ಧ ನಾದ ಬರುತ್ತದೆಂದು ತೋರಿಸಿದವರು ಅವರು. ಹಾಡುವವಳೊಬ್ಬಳು ಎದುರಿಗೇ ಇದ್ದಾಗ ನಾನು ಇದನ್ನು ಹೇಳಬಹುದಿತ್ತು, ಹೇಳಲಿಲ್ಲ.

ಡೇವಿಡ್ ಚೇಂಬರ್ಸ್ ಎಂಬ ಸಂಶೋಧಕರು 1966ರಿಂದ 1977ರವರೆಗೆ 4,807 ಮಕ್ಕಳಿಂದ ವಿಜ್ಞಾನಿಯ ಚಿತ್ರ ಬರೆಸಿ, ಅದರ ಫಲಿತಾಂಶವನ್ನು 1983ರಲ್ಲಿ ಪ್ರಕಟಿಸಿದರು. ಅಷ್ಟು ಚಿತ್ರಗಳಲ್ಲಿ ಹೆಂಗಸರು ಕಾಣಿಸಿಕೊಂಡದ್ದು 28ರಲ್ಲಿ ಮಾತ್ರ, ಅವನ್ನು ಬರೆದವರೆಲ್ಲ ಹುಡುಗಿಯರೇ. ಅವು ಹೊರದೇಶದ ಮಕ್ಕಳ ಚಿತ್ರಗಳು ನಿಜ. ಆದರೆ ನನ್ನನ್ನು ಹೆಚ್ಚು ಕಾಡಿದ್ದು ಇನ್ನೊಂದು ಸಂಗತಿ: ತೀರ ಚಿಕ್ಕ ಮಕ್ಕಳ ಚಿತ್ರಗಳಲ್ಲಿ ಕೋಟು, ಕನ್ನಡಕ, ಗಡ್ಡಗಳು ಅಪರೂಪವಾಗಿದ್ದವು, ತರಗತಿ ಏರಿದಂತೆ ಅವು ಹೆಚ್ಚುತ್ತ ಹೋದವು. ಅಂದರೆ ಮಕ್ಕಳು ಇದನ್ನು ಹುಟ್ಟಿನಿಂದ ತಂದದ್ದಲ್ಲ. ದೊಡ್ಡವರಾದ ನಾವು ಕಲಿಸಿಕೊಟ್ಟದ್ದು.

ಈಗ ನಾನು ಕಣ್ಣಾರೆ ಕಂಡದ್ದನ್ನು ಬರೆಯುತ್ತೇನೆ. ಕಾಲುವೆಯ ಕೆಳಗಿನ ನಮ್ಮ ಎರಡೆಕರೆ ಎರೆಹೊಲ ಉಪ್ಪೇರಿ ಸವಳಾದದ್ದು ನಿನಗೆ ಗೊತ್ತು. ಬೇಸಿಗೆ ಬಂತೆಂದರೆ ಸುಣ್ಣ ಚೆಲ್ಲಿದ ಹಾಗೆ ಬಿಳಿಯ ಪೊರೆ ಮೇಲೇಳುತ್ತಿತ್ತು, ಹಚ್ಚಿದ ಭತ್ತ ತುದಿ ಕರಕಲಾಗಿ ನಿಂತುಬಿಡುತ್ತಿತ್ತು. ಯಾರೋ ಹೇಳಿದರೆಂದು ನಾನು ಎರಡು ವರ್ಷ ಜಿಪ್ಸಂ ಸುರಿದೆ. ನೀನು ಊರು ಬಿಟ್ಟ ಮರುವರ್ಷ ಮಣ್ಣುವಿಜ್ಞಾನಿಯೊಬ್ಬರು ಬಂದರು. ಚಪ್ಪಲಿಯನ್ನು ಬದುವಿನ ಮೇಲೆ ಬಿಟ್ಟು ಕೆಸರಿಗಿಳಿದ ಆ ಹೆಣ್ಣುಮಗಳು ಬೈರಿಗೆಯನ್ನು ತಾವೇ ತಿರುಗಿಸಿ, ಗೇಣು ಗೇಣಿಗೆ ಒಂದರಂತೆ ಮಣ್ಣು ತೆಗೆದು ಬೇರೆ ಬೇರೆ ಚೀಲಕ್ಕೆ ಹಾಕಿದರು. ಚೀಟಿಗಳನ್ನು ಪೆನ್ಸಿಲ್‌ನಿಂದ ಬರೆದರು. ಒದ್ದೆ ಮಣ್ಣಿನಲ್ಲಿ ಪೆನ್ನಿನ ಶಾಯಿ ಕಲೆಸಿಹೋಗುತ್ತದೆಯಂತೆ. ನಾಟಿ ಹಚ್ಚುತ್ತಿದ್ದ ಹೆಂಗಸರ ಹಾಡಿಗೆ ದನಿಗೂಡಿಸಿದರು. ನಮ್ಮ ಹೊಲದ ಹಿರಿಯ ಆಳನ್ನು ಪಕ್ಕಕ್ಕೆ ಕೂರಿಸಿಕೊಂಡು, ಮೊದಲು ಬೆಳೆ ಸತ್ತದ್ದು ಯಾವ ಮೂಲೆಯಲ್ಲಿ, ಮೇಲಿನವರು ಭತ್ತ ಹಚ್ಚತೊಡಗಿದ ಮೇಲೆ ನಮ್ಮ ಬಾವಿಯ ನೀರು ಎಷ್ಟು ಮೇಲೆ ಬಂತು ಎಂದು ಕೇಳಿ ಕೇಳಿ ಬರೆದುಕೊಂಡರು. ತುಂಗಭದ್ರಾ ಕಾಲುವೆಯನ್ನು ಯೋಜಿಸಿದಾಗ ಹೆಚ್ಚಿನ ಭೂಮಿಗೆ ಜೋಳ, ಹತ್ತಿಯಂಥ ಅರೆ ನೀರಾವರಿ ಬೆಳೆಗಳ ಲೆಕ್ಕದಲ್ಲಿ ನೀರು ಹಂಚಿದ್ದರಲ್ಲವೆ? ಭತ್ತಕ್ಕೆಂದು ಹರಿಸಿದ ಹೆಚ್ಚಿನ ನೀರು ಕೆಳಗಿಳಿದು, ಅಂತರ್ಜಲ ಮೇಲೇರಿ, ಅದರೊಡನೆ ಉಪ್ಪೂ ಮೇಲಕ್ಕೆ ಬರುವ ಬಗೆಯನ್ನು ಅವರು ಕಡ್ಡಿಯಿಂದ ನೆಲದ ಮೇಲೆ ಗೆರೆ ಎಳೆದು ಆ ಹಿರಿಯ ಆಳಿಗೂ ತಿಳಿಯುವಂತೆ ವಿವರಿಸಿದರು.

ಜಿಪ್ಸಂ ಇನ್ನೂ ಹಾಕಬೇಕೇ ಎಂದು ನಾನು ಕೇಳಿದಾಗ, ‘ನನಗೆ ಇನ್ನೂ ಗೊತ್ತಿಲ್ಲ ಸರ್, ನೋಡಿ ಹೇಳುತ್ತೇನೆ’ ಎಂದರು. ಇಪ್ಪತ್ತೆರಡು ವರ್ಷ ಪಾಠ ಮಾಡಿದ ನಾನು ಮಕ್ಕಳೆದುರು ಅಷ್ಟು ನೆಮ್ಮದಿಯಿಂದ ಈ ಮಾತನ್ನು ಒಮ್ಮೆಯೂ ಆಡಿರಲಿಲ್ಲ. ಪರೀಕ್ಷೆ ಮುಗಿಸಿ ಮತ್ತೆ ಬಂದರು. ಮಣ್ಣಿನ ರಸಸಾರ (pH) 8.5ಕ್ಕಿಂತ ಮೇಲಿದ್ದು ಸೋಡಿಯಂ ಹೆಚ್ಚಿದ್ದರೆ ಅದು ಕ್ಷಾರ ಮಣ್ಣು, ಅದಕ್ಕೆ ಜಿಪ್ಸಂ ಬೇಕು; ನಮ್ಮ ಹೊಲದ ರಸಸಾರ ಅದಕ್ಕಿಂತ ಕಡಿಮೆ, ಆದರೆ ಉಪ್ಪನ್ನು ತೋರಿಸುವ ವಿದ್ಯುತ್ ವಾಹಕತೆ ಮೀಟರಿಗೆ 4 ಡೆಸಿಸೀಮನ್ಸ್ ಎಂಬ ಮಿತಿಯನ್ನು ದಾಟಿತ್ತು. ಇಂಥ ಮಣ್ಣಿಗೆ ಉಪ್ಪನ್ನು ನೀರಿನಲ್ಲಿ ತೊಳೆದು ಹೊರಗೆ ಬಸಿಯಲು ದಾರಿ ಬೇಕು, ಜಿಪ್ಸಂ ಸುರಿದು ಫಲವಿಲ್ಲವೆಂದರು. ಬಸಿಗಾಲುವೆ ತೋಡಿಸಿದೆವು. ಎಷ್ಟು ಬಾರಿ ಬಂದು ನೋಡಿಹೋದರೆಂಬುದನ್ನು ನಾನು ಎಣಿಸಲಿಲ್ಲ. ಅವರನ್ನು ವಿಜ್ಞಾನಿಯನ್ನಾಗಿ ಮಾಡಿದ್ದು ಹೀಗೆ ಒಂದೇ ಪ್ರಶ್ನೆಯ ಬೆನ್ನು ಬಿಡದ ಗುಣವೇ ಎಂದು ನಾನು ನಂಬಿದ್ದೇನೆ. ನಾಟಿಹಾಡು ಅದಕ್ಕೆ ಅಡ್ಡ ಬರಲಿಲ್ಲ.

ಹಾಗೆಂದು ಮಾತು ಕಡಿಮೆಯಿರುವವರನ್ನು ಹಳಿಯಬೇಡ. ಹೆನ್ರಿ ಕ್ಯಾವೆಂಡಿಷ್ ಎಷ್ಟು ಸಂಕೋಚದವರೆಂದರೆ ಮನೆಯ ಕೆಲಸದವರಿಗೂ ಚೀಟಿ ಬರೆದಿಡುತ್ತಿದ್ದರಂತೆ; ಭೂಮಿಯ ಸಾಂದ್ರತೆಯನ್ನು ಅಳೆದ ದೊಡ್ಡ ವಿಜ್ಞಾನಿ ಅವರು. ಇತ್ತ ಭೌತವಿಜ್ಞಾನಿ ನೀಲ್ಸ್ ಬೋರ್ ಫುಟ್‌ಬಾಲಿನಲ್ಲಿ ಗೋಲ್‌ಕೀಪರ್ ಆಗಿದ್ದವರು. ನಿನ್ನ ಗೆಳತಿಯರು ಕಂಡ ಬಗೆಯವರೂ ಇದ್ದಾರೆ, ಆದರೆ ಅವರಷ್ಟೇ ಅಲ್ಲ.

ವಿಜ್ಞಾನಿಯೆಂದರೆ ಹೀಗೇ ಇರಬೇಕೆಂಬ ಈ ಚಿತ್ರ ನಿಜವಾಗಿ ಕೆಡುಕು ಮಾಡುವುದು ಬಾಗಿಲಲ್ಲಿ ನಿಂತು ಒಳಬಿಡುವವರ ತಲೆಗೆ ಹೊಕ್ಕಾಗ. 1933ರಲ್ಲಿ ಕಮಲಾ ಸೊಹೊನಿಯವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಅರ್ಜಿ ಹಾಕಿದಾಗ, ಹೆಣ್ಣೆಂಬ ಕಾರಣಕ್ಕೆ ಬೇಡವೆಂದವರು ಅಲ್ಲಿನ ನಿರ್ದೇಶಕರಾಗಿದ್ದ ಇದೇ ರಾಮನ್ ಅವರು. ಕಮಲಾ ಜಗ್ಗಲಿಲ್ಲ. ಒಂದು ವರ್ಷದ ಪರೀಕ್ಷಾವಧಿಯ ಷರತ್ತಿನ ಮೇಲೆ ಸೇರಿ, ಕೆಲಸ ಮಾಡಿ ತೋರಿಸಿ, ಮುಂದೆ 1939ರಲ್ಲಿ ಕೇಂಬ್ರಿಡ್ಜ್‌ನಿಂದ ಪಿಎಚ್.ಡಿ. ಪಡೆದರು. ನಾದದ ಒಳಗುಟ್ಟು ಬಿಡಿಸಿದ ಮೇಧಾವಿಯೂ ಎದುರಿಗಿದ್ದವಳಲ್ಲಿ ವಿಜ್ಞಾನಿಯನ್ನು ಗುರುತಿಸಲಿಲ್ಲ. ಹತ್ತಿಯ ಗಡ್ಡ ಹಂಚಿದ ದಿನ ನಾನೂ ಗುರುತಿಸಲಿಲ್ಲ. ನೀನು ನಿನ್ನನ್ನೇ ಹಾಗೆ ಹೊರಗೆ ನಿಲ್ಲಿಸಬೇಡ, ಮಗಳೇ.

ಹೊಲದ ಮೂಲೆಯಲ್ಲಿ ಅವರು ಹುಗಿದ ಕೊಳವೆಯೊಳಗಿನ ನೀರಿನ ಮಟ್ಟವನ್ನು ಹದಿನೈದು ದಿನಕ್ಕೊಮ್ಮೆ ಅಳೆದು ಬರೆದಿಡುತ್ತಿದ್ದೇನೆ. ದಸರೆಯ ರಜೆಗೆ ಬಂದಾಗ ಆ ಪುಸ್ತಕ ನೋಡು; ಶ್ರಾವಣದಲ್ಲಿ ಎರಡು ಸಲ ಮಟ್ಟ ಹಠಾತ್ತನೆ ಏರಿದ್ದೇಕೆಂದು ನನಗೆ ಬಗೆಹರಿದಿಲ್ಲ. ಖೋ-ಖೋ ತಂಡಕ್ಕೆ ಮತ್ತೆ ಹೆಸರು ಕೊಟ್ಟೆಯೋ ಇಲ್ಲವೋ ಎಂದು ಅವ್ವ ಕೇಳುತ್ತಿದ್ದಾಳೆ. ಬೇಗ ಬರೆ.

ಇಂತಿ,
ನಿನ್ನ ಅಪ್ಪ