ಬಾಗಿಲಿನಾಚೆ ಕಡಲು

ಆತ್ಮೀಯರೇ,

ತರ್ಕದ ಹಂಗಿಲ್ಲದೆ ಬಿಂಬಗಳನ್ನು ಜೋಡಿಸುವ ಅತಿವಾಸ್ತವವಾದಿ (ಸರ್ರಿಯಲಿಸ್ಟ್) ಸಿನಿಮಾ ಇಂದಿನ ಎಳೆಯರನ್ನು ಏಕೆ ಸೆಳೆಯುತ್ತಿದೆ ಎಂಬ ನಿಮ್ಮ ಲೇಖನದ ಕರಡನ್ನು ಎರಡು ಬಾರಿ ಓದಿದೆ. ಅದರಲ್ಲಿ ‘ಕನಸಿನಂತೆ’ ಎಂಬ ಮಾತು ಒಂಬತ್ತು ಕಡೆ ಬಂದಿದೆ. ಒಂಬತ್ತನ್ನೂ ಹೊಡೆದುಹಾಕಿ ಎಂಬುದು ನನ್ನ ಮೊದಲ ಸಲಹೆ.

ನೀವು ಹೆಸರಿಸಿರುವ ‘ಆನ್ ಶಿಯೆನ್ ಅಂದಲು’ ಚಿತ್ರವನ್ನೇ ನೋಡೋಣ. ಸ್ಪೇನಿನ ನಿರ್ದೇಶಕ ಲೂಯಿ ಬುನ್ಯುಯೆಲ್ ತಮ್ಮ ತಾಯಿ ಕೊಟ್ಟ ಹಣದಲ್ಲಿ ತಯಾರಿಸಿ, 1929ರಲ್ಲಿ ಪ್ಯಾರಿಸ್ಸಿನಲ್ಲಿ ತೋರಿಸಿದ ಈ ಕಿರುಚಿತ್ರ ಎರಡು ಕನಸುಗಳಿಂದ ಹುಟ್ಟಿತೆಂಬುದು ನಿಜ: ತೆಳುಮೋಡವೊಂದು ಚಂದ್ರನನ್ನು ಸೀಳಿದಂತೆ ಅವರಿಗೆ ಕನಸಾಗಿತ್ತು, ಕೈಮೇಲೆ ಇರುವೆಗಳು ಮುತ್ತಿದಂತೆ ಜೊತೆಗಾರ ಚಿತ್ರಕಲಾವಿದ ಸಾಲ್ವಡಾರ್ ಡಾಲಿಗೆ. ಆದರೆ ಚಿತ್ರಕಥೆ ಬರೆಯಲು ಕೂತಾಗ, ತರ್ಕಕ್ಕೆ ಸಿಕ್ಕಬಹುದಾದ ಯಾವ ಬಿಂಬವನ್ನೂ ಸೇರಿಸಬಾರದೆಂದು ಇಬ್ಬರೂ ಕಟ್ಟಳೆ ಹಾಕಿಕೊಂಡರು. ಅರ್ಥ ಒಳನುಸುಳದಂತೆ ಹೀಗೆ ಕಾವಲು ಕೂರುವುದಕ್ಕೆ ಎಷ್ಟು ಎಚ್ಚರ ಬೇಕೆಂದು ಯೋಚಿಸಿ.

ಆ ಎಚ್ಚರವನ್ನು ಸಂಕಲನದಲ್ಲಿ ಹುಡುಕಿ. ಮೋಡ ಚಂದ್ರನನ್ನು ದಾಟಿದ ಮರುಕ್ಷಣ ಕ್ಷೌರದ ಕತ್ತಿ ಕಣ್ಣನ್ನು ಸೀಳುತ್ತದೆ (ಅದು ಕರುವಿನ ಕಣ್ಣು). ಎರಡೂ ಒಂದೇ ಚಲನೆ. ಕೊನೆಯ ಭಾಗದಲ್ಲಿ ಹೆಂಗಸು ಕೋಣೆಯ ಬಾಗಿಲು ದಾಟಿದೊಡನೆ ಕಡಲತೀರದ ಗಾಳಿಗೆ ಅವಳ ಕೂದಲು ಹಾರುತ್ತದೆ. ‘ಎಂಟು ವರ್ಷಗಳ ನಂತರ’ ಎಂಬ ಫಲಕ ಬರುತ್ತದೆ, ಆದರೆ ಯಾರಿಗೂ ವಯಸ್ಸಾಗಿರುವುದಿಲ್ಲ. ಕಥೆ ಹೇಳುವ ಸಿನಿಮಾದ ವ್ಯಾಕರಣವೆಲ್ಲ ಇಲ್ಲಿ ಚಾಚೂ ತಪ್ಪದೆ ಇದೆ, ಕಥೆಯೊಂದೇ ಇಲ್ಲ.

ರೀಲ್ಸ್ ನೋಡಿ ಬೆಳೆದವರಿಗೆ ಈ ಚಿತ್ರಗಳು ಸಹಜವಾಗಿ ಒಗ್ಗುತ್ತವೆ ಎಂದು ನೀವು ಬರೆದಿದ್ದೀರಿ. ನನಗದು ಅರ್ಧವಷ್ಟೇ ಒಪ್ಪಿಗೆ. ಅಡುಗೆಯ ಬೆನ್ನಿಗೆ ಅಪಘಾತ, ಅದರ ಬೆನ್ನಿಗೆ ಹಾಡು ಬರುವ ಫೋನಿನ ಪರದೆಯಲ್ಲಿ ಆ ಜೋಡಣೆಗೆ ಹೊಣೆಗಾರರಾದ ಮನುಷ್ಯರು ಯಾರೂ ಇಲ್ಲ. ಇಲ್ಲಿ ಒಬ್ಬರಿದ್ದಾರೆ, ಮತ್ತು ಆ ಕೈಯ ಗುರುತನ್ನು ಎಳೆಯರು ಬಲುಬೇಗ ಹಿಡಿಯುತ್ತಾರೆ. ಫಿಲಂ ಸೊಸೈಟಿಯಲ್ಲಿ ಇದನ್ನು ಮೊದಲು ನೋಡಿದ ರಾತ್ರಿ ನಾವು ಅರ್ಥಕ್ಕಾಗಿ ಬೆಳಗಿನವರೆಗೆ ಜಗಳವಾಡಿದ್ದೆವು. ಈಗಿನವರು ಆ ಜಗಳಕ್ಕಿಳಿಯದೆ ನೋಡಿದ್ದನ್ನೇ ಮತ್ತೆ ನೋಡುತ್ತಾರೆ. ಪ್ರೇಕ್ಷಕರಾಗಿ ಅವರು ನಮಗಿಂತ ಮೇಲೇನೋ ಎಂಬ ಗುಮಾನಿ ನನಗಿದೆ.

ಮೆಚ್ಚುಗೆಯನ್ನೂ ತುಸು ಅನುಮಾನಿಸಿ. ಮೊದಲ ಪ್ರದರ್ಶನದಲ್ಲಿ ಜನ ತಿರುಗಿಬಿದ್ದರೆ ಎಸೆಯಲೆಂದು ಜೇಬಿನಲ್ಲಿ ಕಲ್ಲು ಇಟ್ಟುಕೊಂಡು ಪರದೆಯ ಹಿಂದೆ ನಿಂತಿದ್ದುದನ್ನು ಬುನ್ಯುಯೆಲ್ ನೆನೆದಿದ್ದಾರೆ. ಜನ ಚಪ್ಪಾಳೆ ತಟ್ಟಿದರು, ಆ ಚಪ್ಪಾಳೆ ಕೊನೆಗೂ ಅವರಿಗೆ ಹಿಡಿಸಲಿಲ್ಲ.

ಬಾಗಿಲಿನ ಆ ದೃಶ್ಯವನ್ನು, ಒಂದೊಂದು ಶಾಟ್‌ನಲ್ಲಿ ಏನು ಕಾಣುತ್ತದೋ ಅಷ್ಟನ್ನೇ ಬರೆದು ಕಳಿಸಿ. ಮೂರು ಪುಟವಾದರೂ ಓದುತ್ತೇನೆ.

ನಿಮ್ಮ ವಿಶ್ವಾಸಿ