ಕಾರಿಡಾರಿನ ಗೋಡೆ ಮೇಲಿನ ಗೆರೆಗಳ ಬಗ್ಗೆ

ಪ್ರೀತಿಯ ಪೋಷಕರೇ,

ನಮಸ್ಕಾರ. ಜನವರಿ 27, ಹಿಟ್ಲರನ ನಾಜಿಗಳು ಕೊಂದ ಯಹೂದಿಗಳನ್ನು ನೆನೆಯುವ ದಿನ. ಅಂದು ಒಂಬತ್ತನೇ ತರಗತಿ ಮಕ್ಕಳು ಗೋಡೆ ಮೇಲೆ ಗೆರೆ ಎಳೆದು ಒರೆಸಿದ ಚಟುವಟಿಕೆ ಬಗ್ಗೆ ನಿಮ್ಮಲ್ಲಿ ಕೆಲವರಿಗೆ ಬೇಸರವಾಗಿದೆ. "ಮಕ್ಕಳು ಅಳೋ ಹಾಗೆ ಮಾಡೋದೂ ಒಂದು ಪಾಠಾನಾ ಮೇಡಂ?" ಎಂದು ಒಬ್ಬ ತಾಯಿ ಕೇಳಿದರು. ನೇರವಾಗಿ ಕೇಳಿದ್ದು ಒಳ್ಳೆಯದೇ ಆಯಿತು.

1939ರ ಮೇ 13ರಂದು ಜರ್ಮನಿಯ ಹ್ಯಾಂಬರ್ಗ್‌ನಿಂದ ಸೇಂಟ್ ಲೂಯಿಸ್ ಎಂಬ ಹಡಗು ಹೊರಟಿತು. 937 ಪ್ರಯಾಣಿಕರು. ಹೆಚ್ಚುಕಮ್ಮಿ ಎಲ್ಲರೂ ನಾಜಿಗಳಿಂದ ತಪ್ಪಿಸಿಕೊಂಡು ಹೊರಟ ಯಹೂದಿಗಳು. ಕ್ಯೂಬಾದಲ್ಲಿ ಇಳಿಯುವ ಪರವಾನಗಿ ಕೈಯಲ್ಲಿತ್ತು. ಆದರೆ ಹಡಗು ಹೊರಡುವ ಮೊದಲೇ ಆ ದೇಶ ಅದನ್ನು ರದ್ದು ಮಾಡಿತ್ತು. ಕ್ಯೂಬಾದ ಹವಾನಾದಲ್ಲಿ 28 ಜನರನ್ನು ಮಾತ್ರ ಇಳಿಯಲು ಬಿಟ್ಟರು. ನಿಮ್ಮ ಸರದಿ ಬರಲಿ, ಕಾಯಿರಿ ಎಂದಿತು ಅಮೆರಿಕ. ಕೆನಡಾ ಕೂಡ ಸೇರಿಸಲಿಲ್ಲ. ಕ್ಯಾಪ್ಟನ್ ಗುಸ್ತಾವ್ ಶ್ರೋಡರ್ ಜರ್ಮನಿಯವರೇ. ಆದರೂ ಇವರನ್ನು ಅಲ್ಲಿಗೆ ವಾಪಸ್ ಕರೆದೊಯ್ಯಬಾರದೆಂದು ಒದ್ದಾಡಿದರು. ಕೊನೆಗೆ ಬ್ರಿಟನ್, ಫ್ರಾನ್ಸ್, ಬೆಲ್ಜಿಯಂ, ನೆದರ್‌ಲ್ಯಾಂಡ್ಸ್ ಹಂಚಿಕೊಂಡವು. ಮರುವರ್ಷ ಬ್ರಿಟನ್ ಬಿಟ್ಟು ಉಳಿದ ಮೂರೂ ದೇಶಗಳಿಗೆ ಹಿಟ್ಲರನ ಸೈನ್ಯ ನುಗ್ಗಿತು. ವಾಪಸ್ ಬಂದವರಲ್ಲಿ 254 ಜನ ನಾಜಿಗಳು ನಡೆಸಿದ ಯಹೂದಿಗಳ ನರಮೇಧದಲ್ಲಿ ಸತ್ತರು.

ಮಕ್ಕಳು ಗೋಡೆ ಮೇಲೆ ಸೀಮೆಸುಣ್ಣದಲ್ಲಿ 937 ಗೆರೆ ಎಳೆದರು. ಆಮೇಲೆ 254 ಗೆರೆ ಒರೆಸಿದರು. ಅಷ್ಟೇ. ಭಯ ಹುಟ್ಟಿಸುವ ಫೋಟೊ, ವಿಡಿಯೊ ಯಾವುದನ್ನೂ ತೋರಿಸಿಲ್ಲ. ಒರೆಸುವಾಗ ಇಬ್ಬರು ಅತ್ತರು, ನಿಜ.

ಹೆದರಿಸುವುದು ನಮ್ಮ ಉದ್ದೇಶವಾಗಿರಲಿಲ್ಲ. ಅರವತ್ತು ಲಕ್ಷ ಯಹೂದಿಗಳು ಸತ್ತರು ಎಂದು ಮಕ್ಕಳು ಬಾಯಿಪಾಠ ಮಾಡಿ ಒಂದು ಮಾರ್ಕ್ಸ್ ತೆಗೆಯುತ್ತಾರೆ. 254 ಗೆರೆ ಒರೆಸಲು ಹತ್ತು ನಿಮಿಷ ಹಿಡಿಯಿತು. ಆ ಹತ್ತು ನಿಮಿಷ ತರಗತಿ ಅಷ್ಟು ಮೌನವಾಗಿದ್ದನ್ನು ನಾನು ನೋಡಿಯೇ ಇರಲಿಲ್ಲ. (ಈ ತರಗತಿ ನಿಮಗೂ ಗೊತ್ತಲ್ವಾ!) ಇದು ಇವತ್ತಿನ ಯಾವ ದೇಶದ ಪರವೂ ಅಲ್ಲ, ವಿರುದ್ಧವೂ ಅಲ್ಲ.

ಮತ್ತೆ ಹೇಳುತ್ತೇನೆ, ಹೆದರಿಸಲು ಮಾಡಿದ್ದಲ್ಲ. ಆದರೆ ಚಿಕ್ಕ ತರಗತಿಯವರು ಆ ಕಡೆ ಹಾದುಹೋಗುವಾಗ ಏನು ಎತ್ತ ತಿಳಿಯದೆ ಗಾಬರಿಯಾದರು. ಅದು ನಮ್ಮ ತಪ್ಪು. ನಿಮಗೆ ಮೊದಲೇ ತಿಳಿಸದೆ ಇದ್ದದ್ದೂ ತಪ್ಪೇ. ಮುಂದಿನ ವರ್ಷ ಡೈರಿಯಲ್ಲಿ ಬರೆಸಿ ಕಳಿಸುತ್ತೇವೆ. ಚಟುವಟಿಕೆ ಮಾತ್ರ ಮುಂದಿನ ವರ್ಷವೂ ಇರುತ್ತದೆ.

"ಪರವಾನಗಿ ಇದ್ರೂ ಯಾಕೆ ಇಳಿಸ್ಲಿಲ್ಲ?" ಎಂದು ಮಗು ಮನೆಯಲ್ಲಿ ಕೇಳಿದರೆ, "ಸುಮ್ನೆ ಓದ್ಕೋ" ಎನ್ನಬೇಡಿ, ಐದು ನಿಮಿಷ ಕೂತು ಮಾತಾಡಿ.

ಗೆರೆಗಳು ಶನಿವಾರದವರೆಗೆ ಇರುತ್ತವೆ, ಬಂದು ನೋಡಬಹುದು. ಭಾನುವಾರ ಗೋಡೆಗೆ ಸುಣ್ಣ ಹೊಡೆಸುತ್ತೇವೆ.

ಇಂತಿ,
ಮುಖ್ಯ ಶಿಕ್ಷಕಿ