ಮೂಲೆ ಕೊಠಡಿಗೆ ಬಂದವರಿಗೆಲ್ಲ

ಕಳೆದ ಶನಿವಾರ ಸಂಜೆ ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಬರುವ ಬಸ್ಸಿನ ಹಿಂಬದಿಯ ಸೀಟುಗಳಲ್ಲಿ ನಮ್ಮ ಶಾಲೆಯ ಇಪ್ಪತ್ತಮೂರು ಮಕ್ಕಳು ಕುಳಿತಿದ್ದರು. ಅವರಲ್ಲಿ ರೋಬೋಟ್ ತಂಡದವರು ಎಂಟೇ ಮಂದಿ. ಮಿಕ್ಕ ಹದಿನೈದು ಮಂದಿಗೆ ಸ್ಪರ್ಧೆಯಲ್ಲಿ ಏನೂ ಕೆಲಸವಿರಲಿಲ್ಲ. ತಮ್ಮ ಶಾಲೆಯ ತಂಡವನ್ನು ನೋಡಬೇಕು, ಕೂಗಿ ಹುರಿದುಂಬಿಸಬೇಕು ಎಂದು ಬೆಳಗಿನ ಆರೂವರೆಗೇ ಬಸ್ ನಿಲ್ದಾಣಕ್ಕೆ ಬಂದು ನಿಂತಿದ್ದರು. ಹುಡುಗಿಯರಿಗೆ ಶಕ್ತಿ ಯೋಜನೆಯ ಉಚಿತ ಟಿಕೆಟ್ ಇತ್ತು. ಹುಡುಗರ ಟಿಕೆಟ್ ಹಣವನ್ನು ಅವರವರೇ ಹೊಂದಿಸಿಕೊಂಡು ಬಂದಿದ್ದರು. ಇಬ್ಬರಿಗೆ ಕಡಿಮೆ ಬಿದ್ದದ್ದನ್ನು ನಮ್ಮ ಬಿಸಿಯೂಟದ ಅಡುಗೆಯಮ್ಮ ಹಿಂದಿನ ದಿನವೇ ಕೊಟ್ಟಿದ್ದರಂತೆ. ನನಗೆ ಅದು ಗೊತ್ತಾದದ್ದು ಹಿಂದಿರುಗುವಾಗ, ಹಿರಿಯೂರು ಕಡೆ ಹೋಗುವ ಲಾರಿಗಳ ಸಾಲಿನ ಹಿಂದೆ ಬಸ್ಸು ನಿಧಾನಿಸಿದ್ದ ಹೊತ್ತಿನಲ್ಲಿ.

ನಮಗೆ ಬಂದದ್ದು ಮೂರನೇ ಸ್ಥಾನ. ಮುಂದಿನ ಹಂತಕ್ಕೆ ಹೋಗುವುದು ಮೊದಲ ಎರಡು ತಂಡಗಳು ಮಾತ್ರ. ಹಾಗಾಗಿ ಈ ವರ್ಷದ ಪಯಣ ಇಲ್ಲಿಗೇ ನಿಂತಿತು. ಆದರೂ ಬರೆಯದೆ ಇರಲಾರೆ. ಈ ಮೂರು ವರ್ಷಗಳಲ್ಲಿ ಯಾರ್ಯಾರಿಗೆ ಕೃತಜ್ಞತೆ ಹೇಳಬೇಕಿತ್ತೋ ಅವರಲ್ಲಿ ಹೆಚ್ಚಿನವರಿಗೆ ತಾವು ನಮಗೆ ಉಪಕಾರ ಮಾಡಿದ್ದೇವೆ ಎಂಬುದೇ ತಿಳಿದಿಲ್ಲ.

ಮೊದಲು ನನ್ನ ತಪ್ಪನ್ನು ಹೇಳಿಕೊಳ್ಳಬೇಕು. ನೀತಿ ಆಯೋಗವು 2016ರಲ್ಲಿ ಆರಂಭಿಸಿದ ಅಟಲ್ ಟಿಂಕರಿಂಗ್ ಲ್ಯಾಬ್ ಯೋಜನೆಯ ಉದ್ದೇಶ ಬಹಳ ಸರಳ. ಆರನೇ ತರಗತಿಯಿಂದ ಹನ್ನೆರಡನೇ ತರಗತಿಯವರೆಗಿನ ಮಕ್ಕಳು ಬಿಚ್ಚಿ, ಜೋಡಿಸಿ, ಕೆಡಿಸಿ, ಮತ್ತೆ ಕಟ್ಟಿ ಕಲಿಯಲಿ ಎಂದು. ಅದಕ್ಕಾಗಿ ಒಂದು ಶಾಲೆಗೆ 20 ಲಕ್ಷ ರೂಪಾಯಿವರೆಗೆ ಅನುದಾನ. ನಮ್ಮ ಶಾಲೆಗೂ ಅಂಥ ಲ್ಯಾಬ್ ಬಂದಾಗ ನಾನು ಹಿಗ್ಗಿದೆ. ಹಿಗ್ಗಿದ ಮೇಲೆ ಹೆದರಿದೆ. ಪೆಟ್ಟಿಗೆ ಪೆಟ್ಟಿಗೆ ಸಂವೇದಕಗಳು (ಸೆನ್ಸರ್‌ಗಳು), ಪ್ರೋಗ್ರಾಮ್ ತುಂಬಿ ಯಂತ್ರ ನಡೆಸುವ ಪುಟ್ಟ ಆರ್ಡುಯಿನೊ ಬೋರ್ಡುಗಳು, ಮೂರು ಆಯಾಮದ ಮುದ್ರಣ ಯಂತ್ರ. ಒಂದು ಕಳೆದರೂ ಲೆಕ್ಕ ಕೊಡಬೇಕಾದವಳು ನಾನು. ಕಾರಿಡಾರಿನ ಕೊನೆಯ ಮೂಲೆ ಕೊಠಡಿಗೆ ಬೀಗ ಹಾಕಿದೆ. ಒಂಬತ್ತನೇ ತರಗತಿಯಲ್ಲಿ ಅತಿ ಹೆಚ್ಚು ಅಂಕ ತೆಗೆದ ಆರು ಮಕ್ಕಳನ್ನು ಆರಿಸಿ ತಂಡ ಮಾಡಿದೆ.

ಉಳಿದ ಮಕ್ಕಳು ಆ ಕೊಠಡಿಗೆ ಇಟ್ಟ ಹೆಸರು ‘ರ‍್ಯಾಂಕ್ ರೂಮು’. ಸಂಜೆ ಬೀಗ ಹಾಕುವಾಗ ಕಿಟಕಿಯ ಗಾಜಿನ ಮೇಲೆ ಹಣೆ ಒತ್ತಿದ ಗುರುತುಗಳು, ಅವುಗಳ ಕೆಳಗೆ ಪುಟ್ಟ ಪುಟ್ಟ ಮೂಗಿನ ಗುರುತುಗಳು ಕಾಣುತ್ತಿದ್ದವು. ಐದಾರು ತಿಂಗಳು ನಾನು ಅವನ್ನು ಬಟ್ಟೆಯಲ್ಲಿ ಒರೆಸಿದೆನೇ ಹೊರತು ಅವು ಏನು ಹೇಳುತ್ತಿವೆ ಎಂದು ಯೋಚಿಸಲಿಲ್ಲ. ತಂಡದಲ್ಲಿದ್ದ ಒಬ್ಬ ಹುಡುಗಿ ಒಂದು ದಿನ ಬೆಸುಗೆ ಹಾಕುತ್ತಿದ್ದವಳು ಕಡ್ಡಿಯನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ಅಳತೊಡಗಿದಳು. ಕೈ ಸುಟ್ಟಿತೇನೋ ಎಂದು ಓಡಿ ಹೋದೆ. ಕೈ ಸುಟ್ಟಿರಲಿಲ್ಲ. ‘ಮಿಸ್, ಊಟಕ್ಕೆ ಕೂತರೆ ಯಾರೂ ಜಾಗ ಬಿಡುವುದಿಲ್ಲ. ನೀನು ಆ ರೂಮಿನವಳು, ಅಲ್ಲೇ ಹೋಗು ಅನ್ನುತ್ತಾರೆ’ ಎಂದಳು. ಅವಳ ಗೆಳತಿಯರದು ಹೊಟ್ಟೆಕಿಚ್ಚು ಎಂದು ಆಗ ಸಮಾಧಾನ ಹೇಳಿದೆ. ಅದು ಹೊಟ್ಟೆಕಿಚ್ಚಲ್ಲ, ನೋವು ಎಂದು ತಿಳಿಯಲು ನನಗೆ ಇನ್ನೂ ಕೆಲವು ತಿಂಗಳು ಬೇಕಾಯಿತು.

ಆ ವರ್ಷದ ಕೊನೆಯಲ್ಲಿ ಬೆಳಗಿನ ಪ್ರಾರ್ಥನೆಯ ನಂತರ ಇಡೀ ಶಾಲೆಗೆ ರೋಬೋಟ್ ತೋರಿಸೋಣ ಎಂದುಕೊಂಡೆವು. ನೆಲಕ್ಕೆ ಬಿಳಿ ಹಾಳೆ ಹಾಸಿ, ಅದರ ಮೇಲೆ ಕಪ್ಪು ಟೇಪಿನಲ್ಲಿ ಹಾದಿ ಮಾಡಿ, ಗೆರೆ ಹಿಡಿದು ಸಾಗುವ ಪುಟ್ಟ ಗಾಡಿಯನ್ನು ಇಟ್ಟೆವು. ಕೊಠಡಿಯೊಳಗೆ ನೂರು ಸಲ ಸರಿಯಾಗಿ ಓಡಿದ ಗಾಡಿ. ಅಂಗಳದಲ್ಲಿ ಬಿಟ್ಟ ತಕ್ಷಣ ಗೆರೆ ಬಿಟ್ಟು ಎಡಕ್ಕೆ ತಿರುಗಿ ಧ್ವಜಸ್ತಂಭದ ಕಟ್ಟೆಗೆ ಹೋಗಿ ಗುದ್ದಿತು. ಎತ್ತಿ ತಂದು ಮತ್ತೆ ಇಟ್ಟರು, ಮತ್ತೆ ಅದೇ. ಮೂರನೇ ಸಲಕ್ಕೆ ನಗು ಇಡೀ ಅಂಗಳಕ್ಕೆ ಹಬ್ಬಿತು. ತಂಡದ ಮಕ್ಕಳ ತಲೆ ತಗ್ಗಿತು.

ಆಗ ಹತ್ತನೇ ತರಗತಿಯ ಸಾಲಿನ ಕೊನೆಯಿಂದ ಒಬ್ಬ ಹುಡುಗ ಎದ್ದು ಬಂದ. ಗಣಿತದಲ್ಲಿ ಯಾವಾಗಲೂ ಹಿಂದೆ ಬೀಳುತ್ತಿದ್ದವನು, ವಾರಕ್ಕೆ ಎರಡು ದಿನವಾದರೂ ತಡವಾಗಿ ಬರುತ್ತಿದ್ದವನು. ‘ಮಿಸ್, ಕಂಬದ ನೆರಳು ಬಿದ್ದ ಕಡೆ ಅದು ಸರಿಯಾಗಿ ಹೋಯಿತು. ಇನ್ನೊಂದು ಸಲ ಬಿಡಿ’ ಎಂದ. ಬಿಟ್ಟೆವು. ಅವನು ಸೂರ್ಯನಿಗೆ ಬೆನ್ನು ಕೊಟ್ಟು, ಸೊಂಟ ಬಗ್ಗಿಸಿ, ತನ್ನ ನೆರಳನ್ನು ಗಾಡಿಯ ಮೇಲೆ ಹಾಕಿಕೊಂಡು ಅದರ ಜೊತೆಜೊತೆಗೇ ಹೆಜ್ಜೆ ಹಾಕಿದ. ಗಾಡಿ ಗೆರೆ ಬಿಡಲಿಲ್ಲ. ಅದು ತಿರುಗಿದ ಕಡೆ ಅವನೂ ತಿರುಗಿದ, ನಿಧಾನಿಸಿದ ಕಡೆ ನಿಧಾನಿಸಿದ. ಕೊನೆ ಮುಟ್ಟುವ ಹೊತ್ತಿಗೆ ಅಂಗಳದಲ್ಲಿ ನಗುವಿರಲಿಲ್ಲ, ಚಪ್ಪಾಳೆಯಿತ್ತು.

ಕಾರಣ ಇಷ್ಟೇ. ಗಾಡಿಯ ಹೊಟ್ಟೆಯ ಕೆಳಗಿರುವ ಸಂವೇದಕ ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ನೆಲಕ್ಕೆ ಬಿಡುತ್ತದೆ. ಬಿಳಿ ಹಾಳೆ ಅದನ್ನು ಹಿಂದಕ್ಕೆ ಕಳಿಸುತ್ತದೆ, ಕಪ್ಪು ಟೇಪು ನುಂಗುತ್ತದೆ. ಆ ವ್ಯತ್ಯಾಸದಿಂದಲೇ ಗಾಡಿಗೆ ಹಾದಿ ಗೊತ್ತಾಗುವುದು. ಬಿಸಿಲಿನಲ್ಲಿಯೂ ಅವಕೆಂಪು ಕಿರಣಗಳು ಧಾರಾಳವಾಗಿ ಇರುತ್ತವೆ. ಬೆಳಗಿನ ಓರೆ ಬಿಸಿಲು ಗಾಡಿಯ ಕೆಳಗೆ ನುಗ್ಗಿದಾಗ ಅದಕ್ಕೆ ಕಪ್ಪೂ ಬಿಳಿಯಾಗಿಯೇ ಕಂಡಿತು. ಈ ಪಾಠ ನನಗೆ ಗೊತ್ತಿತ್ತು, ನನ್ನ ಆರು ಜಾಣ ಮಕ್ಕಳಿಗೂ ಗೊತ್ತಿತ್ತು. ಆದರೆ ಅಂಗಳದಲ್ಲಿ ಅದನ್ನು ಕಂಡದ್ದು ಬೀಗದ ಹೊರಗೆ ನಿಂತಿದ್ದ ಹುಡುಗ.

ಅಂದು ಮಧ್ಯಾಹ್ನವೇ ಮುಖ್ಯ ಶಿಕ್ಷಕರ ಬಳಿ ಹೋಗಿ, ಪ್ರತಿ ಗುರುವಾರ ಬಿಸಿಯೂಟದ ನಂತರ ಲ್ಯಾಬ್ ಎಲ್ಲರಿಗೂ ತೆರೆದಿರಲಿ ಎಂದು ಕೇಳಿದೆ. ‘ಕಳೆದರೆ?’ ಎಂದರು. ‘ನನ್ನ ಹೆಸರಿಗೆ ಬರೆದುಕೊಳ್ಳಿ ಸರ್’ ಎಂದೆ. ಅವರು ಬರೆದುಕೊಳ್ಳಲಿಲ್ಲ, ಒಂದು ಹೊಸ ರಿಜಿಸ್ಟರ್ ತರಿಸಿ ಕೊಟ್ಟರು, ಮಕ್ಕಳೇ ಸಹಿ ಹಾಕಿ ತೆಗೆದುಕೊಳ್ಳಲಿ, ಮಕ್ಕಳೇ ಹಿಂದಿರುಗಿಸಲಿ ಎಂದು. ಸರ್, ಆ ರಿಜಿಸ್ಟರಿನ ಮೊದಲ ಪುಟವನ್ನು ನಾನು ಇಂದಿಗೂ ಆಗಾಗ ತೆರೆದು ನೋಡುತ್ತೇನೆ. ಎರಡು ವರ್ಷಗಳಲ್ಲಿ ಎರಡೇ ಎರಡು ಸಂವೇದಕ ಕಾಣೆಯಾದವು. ಅವುಗಳಲ್ಲಿ ಒಂದು, ವಾರದೊಳಗೆ ಮೇಜಿನ ಮೇಲೆ ಮರಳಿ ಬಂದಿತ್ತು. ನಿಮ್ಮ ನಂಬಿಕೆಗೆ ನಾನು ಋಣಿ.

ಬಾಗಿಲು ತೆರೆದ ಕೂಡಲೇ ಎಲ್ಲರೂ ಒಳಗೆ ಬಂದರು ಎಂದೇನಿಲ್ಲ. ಮೊದಲ ಗುರುವಾರ ಬಂದವರು ನಾಲ್ವರು, ಎರಡನೆಯದಕ್ಕೆ ಮೂವರು. ಎರಡು ವಾರ ಹೀಗೇ ಕಳೆದ ಮೇಲೆ ತಂಡದ ಮಕ್ಕಳೇ ಒಂದು ಮಾತು ಹೇಳಿದರು: ‘ನಾವು ಕರೆದರೆ ಯಾರೂ ಬರುವುದಿಲ್ಲ ಮಿಸ್. ಅವರಿಗೆ ಬೇಕಾದ್ದನ್ನು ಏನಾದರೂ ಮಾಡಿಕೊಡೋಣ.’ ಈ ಮಾತಿಗೆ ನಾನು ಅವರಿಗೇ ಮೊದಲ ನಮಸ್ಕಾರ ಸಲ್ಲಿಸಬೇಕು.

ನಮ್ಮ ಶಾಲೆಯಲ್ಲಿ ಎಲ್ಲರ ಪ್ರೀತಿಯ ತಂಡವೆಂದರೆ ಹುಡುಗಿಯರ ಕಬಡ್ಡಿ ತಂಡ. ಕಬಡ್ಡಿಯಲ್ಲಿ ಒಂದು ರೈಡ್‌ಗೆ 30 ಸೆಕೆಂಡ್. ಅಭ್ಯಾಸದಲ್ಲಿ ಪಿ.ಇ. ಮೇಷ್ಟ್ರು ಕೈಗಡಿಯಾರ ನೋಡಿ ಶಿಳ್ಳೆ ಹೊಡೆಯುತ್ತಿದ್ದರು. ಎಷ್ಟು ಹೊತ್ತು ಉಳಿದಿದೆ ಎಂದು ರೈಡರ್‌ಗೆ ತಿಳಿಯುತ್ತಿರಲಿಲ್ಲ. ತಂಡದವರು ಒಂದು ಗಡಿಯಾರ ಕಟ್ಟಿದರು. ಗುಂಡಿ ಒತ್ತಿದರೆ ಮೂವತ್ತರಿಂದ ಕೆಳಗಿಳಿಯುವ ಕೆಂಪು ಅಂಕಿಗಳು, ಸೊನ್ನೆ ಮುಟ್ಟಿದಾಗ ಸದ್ದು. ಮೊದಲ ದಿನ ಬಿಸಿಲಿಗೆ ಅಂಕಿಗಳೇ ಕಾಣಲಿಲ್ಲ. ಬಿಸ್ಕತ್ತಿನ ತಗಡಿನ ಡಬ್ಬಿ ಕತ್ತರಿಸಿ ಮೇಲೆ ಸೂರು ಮಾಡಿದರು. ಸದ್ದು ಎಷ್ಟು ಕ್ಷೀಣವೆಂದರೆ ಮೈದಾನದ ಗದ್ದಲದಲ್ಲಿ ಮೇಷ್ಟ್ರಿಗೇ ಕೇಳಲಿಲ್ಲ. ಆಗ ಕಬಡ್ಡಿ ತಂಡದ ನಾಯಕಿ ತನ್ನ ಅಪ್ಪನ ಗ್ಯಾರೇಜಿನಿಂದ ಹಳೆಯ ಸ್ಕೂಟರಿನ ಹಾರ್ನ್ ತಂದುಕೊಟ್ಟಳು. ಆರ್ಡುಯಿನೊ ಬೋರ್ಡಿನ ಐದು ವೋಲ್ಟಿಗೆ ಅದು ಮಿಸುಕಲಿಲ್ಲ. ಹನ್ನೆರಡು ವೋಲ್ಟಿನ ಬ್ಯಾಟರಿ ಬೇಕು, ನಡುವೆ ಒಂದು ರಿಲೇ ಬೇಕು. ರಿಲೇ ಎಂದರೇನು ಎಂದು ನಾನು ವಿವರಿಸಲು ಹೊರಟರೆ ಅವಳೇ, ‘ಗೊತ್ತು ಮಿಸ್, ಗಾಡಿಯಲ್ಲಿ ಇರುತ್ತದೆ. ಸಣ್ಣ ಕರೆಂಟು ದೊಡ್ಡ ಕರೆಂಟಿಗೆ ಬಾಗಿಲು ತೆಗೆಯುತ್ತದೆ’ ಎಂದಳು. ಇದಕ್ಕಿಂತ ಚೆನ್ನಾಗಿ ಅದನ್ನು ಹೇಳಿದ್ದನ್ನು ನಾನು ಯಾವ ಪಠ್ಯದಲ್ಲೂ ಓದಿಲ್ಲ.

ಆ ಹಾರ್ನ್ ಮೊದಲ ಸಲ ಕೂಗಿದ ದಿನ ಮೈದಾನದ ಪಕ್ಕದ ಬೇವಿನ ಮರದಿಂದ ಗಿಳಿಗಳೆಲ್ಲ ಎದ್ದು ಹಾರಿದವು. ಮರುದಿನದ ಗುರುವಾರ ಲ್ಯಾಬಿನಲ್ಲಿ ನಿಲ್ಲಲು ಜಾಗವಿರಲಿಲ್ಲ. ಕಬಡ್ಡಿ ಹುಡುಗಿಯರು ಬಂದರು, ಅವರನ್ನು ನೋಡಿ ಅವರ ತಂಗಿಯರು ಬಂದರು. ಊಟಕ್ಕೆ ಜಾಗ ಸಿಗದೆ ಅತ್ತಿದ್ದ ಹುಡುಗಿಯ ಪಕ್ಕದಲ್ಲಿ ಕಬಡ್ಡಿ ನಾಯಕಿ ತಟ್ಟೆ ಹಿಡಿದು ಕೂತದ್ದನ್ನು ನಾನು ದೂರದಿಂದ ನೋಡಿದೆ. ಅವಳಿಗೆ ಈ ಮಾತು ನಾನು ಎಂದೂ ಹೇಳಿಲ್ಲ: ಕಂದಾ, ಹಾರ್ನ್ ಕೊಟ್ಟದ್ದಕ್ಕಿಂತ ಆ ದಿನ ಅಲ್ಲಿ ಕೂತದ್ದಕ್ಕೆ ನಿನಗೆ ನನ್ನ ಹೃದಯದ ಧನ್ಯವಾದ.

ಇನ್ನು ಮಿಕ್ಕವರು. ಸಮಾಜ ವಿಜ್ಞಾನದ ಮೇಷ್ಟ್ರು ಮಕ್ಕಳನ್ನು ಕೋಟೆಗೆ ಕರೆದುಕೊಂಡು ಹೋಗಿ, ಗೋಪಾಲಸ್ವಾಮಿ ಹೊಂಡ ತುಂಬಿದರೆ ನೀರು ಅಕ್ಕ-ತಂಗಿ ಹೊಂಡಕ್ಕೆ, ಅಲ್ಲಿಂದ ಕೆಳಗಿನ ಸಿಹಿನೀರು ಹೊಂಡ, ಸಂತೆ ಹೊಂಡಗಳ ಕಡೆಗೆ ಇಳಿಯುವ ಬಗೆಯನ್ನು ತೋರಿಸಿದರು. ಮಕ್ಕಳು ಅದನ್ನೇ ಬಕೆಟ್ಟುಗಳಲ್ಲಿ ಮಾದರಿ ಮಾಡಿ, ನೀರಿನ ಮಟ್ಟ ಅಳೆಯಲು ಶಬ್ದದ ಅಲೆ ಬಿಡುವ ಸಂವೇದಕ ಕೂರಿಸಿದರು. ಬಕೆಟ್ಟು ತುಂಬುವ ಹೊತ್ತಿಗೆ ಅಳತೆ ಹುಚ್ಚುಹುಚ್ಚಾಗಿ ಬರತೊಡಗಿತು. ಎರಡು ಸೆಂಟಿಮೀಟರಿಗಿಂತ ಹತ್ತಿರವಿದ್ದುದನ್ನು ಅದು ಅಳೆಯಲಾರದು. ಏಳನೇ ತರಗತಿಯ ಹುಡುಗಿಯೊಬ್ಬಳು ಅಡಿಗೆ ಬೆಂಕಿಪೊಟ್ಟಣ ಇಟ್ಟು ಸಂವೇದಕವನ್ನು ಎತ್ತರಿಸಿದಳು. ಮುಗಿಯಿತು. ದಾವಣಗೆರೆಯಲ್ಲಿ ತೀರ್ಪುಗಾರರು ಹೆಚ್ಚು ಹೊತ್ತು ನಿಂತು ನೋಡಿದ್ದು ಈ ಮಾದರಿಯನ್ನೇ. ಅದರ ಮುಂದೆ ನಿಂತು ನಮ್ಮೂರಿನ ಹೊಂಡಗಳ ಬಗ್ಗೆ ಅಚ್ಚ ಕನ್ನಡದಲ್ಲಿ ಮಾತನಾಡಿದವನು ಭಾಷಣ ಸ್ಪರ್ಧೆಗಳ ಹುಡುಗ, ಒಂದು ತಂತಿಯನ್ನೂ ಜೋಡಿಸದವನು. ಅವನಿಗೆ ತರಬೇತಿ ಕೊಟ್ಟ ಕನ್ನಡ ಟೀಚರ್‌ಗೂ ವಂದನೆ.

ಶಾಲೆಯ ಎದುರಿನ ಪಂಚರ್ ಅಂಗಡಿಯವರಿಗೆ ದೊಡ್ಡ ನಮಸ್ಕಾರ. ಸ್ಪರ್ಧೆಯ ಅಂಕಣ ಫ್ಲೆಕ್ಸ್ ಹಾಳೆಯದು, ಅದರ ಮೇಲೆ ನಮ್ಮ ಪ್ಲಾಸ್ಟಿಕ್ ಚಕ್ರಗಳು ಜಾರುತ್ತಿದ್ದವು. ಹಳೆಯ ಸೈಕಲ್ ಟ್ಯೂಬನ್ನು ಬಳೆಯ ಹಾಗೆ ಕತ್ತರಿಸಿ ಚಕ್ರಕ್ಕೆ ತೊಡಿಸಿದವರು ಅವರು. ಹಣ ಕೊಡಲು ಹೋದರೆ, ‘ಗೆದ್ದು ಬನ್ನಿ, ಆಮೇಲೆ ನೋಡೋಣ’ ಎಂದರು. ಅಣ್ಣಾ, ಮೂರನೆಯವರಾಗಿ ಬಂದಿದ್ದೇವೆ; ಈಗಲಾದರೂ ತೆಗೆದುಕೊಳ್ಳಿ.

ತಾಯಿ ತಂದೆಯರಿಗೆ. ‘ಎಸ್ಸೆಸ್ಸೆಲ್ಸಿ ಮುಗಿಯಲಿ, ಆಮೇಲೆ ಈ ಆಟ’ ಎಂದವರ ಮೇಲೆ ನನಗೆ ಬೇಸರವಿಲ್ಲ. ನಿಮ್ಮ ಆತಂಕ ನ್ಯಾಯವಾದದ್ದು. ನಮ್ಮದೇ ಜಿಲ್ಲೆಯ ಚಳ್ಳಕೆರೆ ಬಳಿಯ ಉಳ್ಳಾರ್ತಿ ಕಾವಲಿನಲ್ಲಿ ಇಸ್ರೊ ಚಂದ್ರನ ನೆಲದಂಥ ಕುಳಿಗಳನ್ನು ತೋಡಿಸಿ ಲ್ಯಾಂಡರ್‌ನ ಸಂವೇದಕಗಳನ್ನು ಪರೀಕ್ಷಿಸಿದ್ದನ್ನು ಪಾಲಕರ ಸಭೆಯಲ್ಲಿ ಹೇಳಿದಾಗ ಹಲವರ ಮುಖ ಅರಳಿದ್ದನ್ನು ಕಂಡಿದ್ದೇನೆ. ಆದರೂ ಮನೆಯಲ್ಲಿ ಪರೀಕ್ಷೆಯ ಭಯ ಭಯವೇ. ಅದರ ನಡುವೆಯೂ ಶನಿವಾರಗಳನ್ನು ನಮಗೆ ಬಿಟ್ಟುಕೊಟ್ಟಿರಿ.

ದಾವಣಗೆರೆಯ ಸಭಾಂಗಣದಲ್ಲಿ ನಮ್ಮ ಸರದಿ ಬಂದಾಗ ಮಧ್ಯಾಹ್ನದ ಬಿಸಿಲು ಕಿಟಕಿಯಿಂದ ನೇರವಾಗಿ ಅಂಕಣದ ಅರ್ಧಕ್ಕೆ ಬಿದ್ದಿತ್ತು. ನಮಗಿಂತ ಮೊದಲು ಓಡಿದ ಒಂದು ಗಾಡಿ ಅಲ್ಲಿಯೇ ದಾರಿ ತಪ್ಪಿತ್ತು. ನನ್ನ ಎದೆ ಡವಡವ ಎನ್ನುತ್ತಿತ್ತು. ನಮ್ಮ ಗಾಡಿಯ ಸಂವೇದಕದ ಸುತ್ತ ಕಪ್ಪು ಚಾರ್ಟ್ ಹಾಳೆಯ ಲಂಗವಿತ್ತು. ಅದಲ್ಲದೆ ಮಕ್ಕಳು ಹೊಸದಾಗಿ ಪ್ರೋಗ್ರಾಮ್ ಬರೆದಿದ್ದರು. ಸಂವೇದಕದ ಅವಕೆಂಪು ದೀಪ ಆರಿಸಿ ಒಂದು ಅಳತೆ, ಹಚ್ಚಿ ಇನ್ನೊಂದು ಅಳತೆ. ಒಂದರಿಂದ ಇನ್ನೊಂದನ್ನು ಕಳೆದರೆ ಬಿಸಿಲಿನ ಪಾಲು ಹೋಗಿ ನಮ್ಮ ದೀಪದ ಪಾಲು ಮಾತ್ರ ಉಳಿಯುತ್ತದೆ. ಗಾಡಿ ಬಿಸಿಲಿಗೆ ಕಾಲಿಟ್ಟಿತು, ಒಂದು ಕ್ಷಣ ತಡವರಿಸಿತು, ಗೆರೆ ಹಿಡಿದು ಮುಂದೆ ಹೋಯಿತು. ಹಿಂದಿನಿಂದ ಕಬಡ್ಡಿ ಹುಡುಗಿಯರ ಕೂಗು ಎದ್ದಿತು. ಬೇರೆ ಶಾಲೆಯ ಶಿಕ್ಷಕರೊಬ್ಬರು ನನ್ನ ಕಡೆ ಬಾಗಿ, ‘ನಿಮ್ಮದು ಇಷ್ಟು ದೊಡ್ಡ ತಂಡವೇ?’ ಎಂದು ಕೇಳಿದರು. ‘ಹೌದು’ ಎಂದೆ.

ತನ್ನ ನೆರಳು ಕೊಟ್ಟ ಆ ಹುಡುಗ ಎಸ್ಸೆಸ್ಸೆಲ್ಸಿ ಎರಡನೇ ಪ್ರಯತ್ನದಲ್ಲಿ ಪಾಸಾಗಿ ಈಗ ಐಟಿಐನಲ್ಲಿ ಎಲೆಕ್ಟ್ರೀಷಿಯನ್ ತರಬೇತಿಯಲ್ಲಿದ್ದಾನೆ ಎಂದು ಕೇಳಿದ್ದೇನೆ. ಅವನ ಮೊಬೈಲ್ ನಂಬರ್ ಬದಲಾಗಿದೆ. ಅವನ ಜೊತೆಗೆ ಓದುತ್ತಿರುವವರು ಯಾರಾದರೂ ಇದನ್ನು ನೋಡಿದರೆ ಅವನಿಗೆ ಓದಿ ಹೇಳಿ. ಗುರುವಾರ ಮಧ್ಯಾಹ್ನ ಒಂದೂವರೆಗೆ ಬಾಗಿಲು ತೆರೆದಿರುತ್ತದೆ, ಒಮ್ಮೆ ಬಂದು ಗಾಡಿಯನ್ನು ಬಿಸಿಲಿನಲ್ಲಿ ಓಡಿಸಿ ನೋಡಲು ಮಿಸ್ ಕರೆದಿದ್ದಾರೆ ಎಂದು ತಿಳಿಸಿ.